ಕಣ್ಣಿಗೆ ಬಿಟ್ಟ ಎಣ್ಣೆ

ನನ್ನ ಓರಗಿತ್ತಿಯ ಬಲಗಣ್ಣು ಸುಣ್ಣದಿಂದ ಕೆಟ್ಟಿತು. ಇದು ಊರಿಗೆಲ್ಲ ಗೊತ್ತು. ಅದು ಪೂರ್ತಿ ಹೋದದ್ದು ನನ್ನಿಂದ. ಇದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನನಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ನಾನು ಒಂದು ಸುಳ್ಳು ಹೇಳಿದೆ. ಆ ಸುಳ್ಳು ಒಬ್ಬ ಓದಿದ ಹೆಂಗಸಿನ ಕೆಲಸದೊಳಗೆ ಹೋಗಿ ಕುಳಿತು ಅವಳ ತಲೆ ಕೆಡಿಸಿತು. ಅದನ್ನು ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದದ್ದು ಹೀಗೇ ಇರುತ್ತದೆ.

ಕುಮಟೆಯ ಕಡೆ ಹೊಳೆ ಸಮುದ್ರ ಸೇರುವ ಜಾಗದಲ್ಲಿ ನಮ್ಮ ಮನೆ. ಸುಣ್ಣ ಸುಡುವುದು ನಮ್ಮ ಕಸುಬು. ಗಂಡಸರು ಹೊಳೆಯಲ್ಲಿ ಮುಳುಗಿ ಚಿಪ್ಪಿ ತೆಗೆದು ದೋಣಿಯಲ್ಲಿ ತರುತ್ತಿದ್ದರು. ಭಟ್ಟಿಯಲ್ಲಿ ಒಂದು ಸುತ್ತು ಇದ್ದಿಲು, ಒಂದು ಸುತ್ತು ಚಿಪ್ಪಿ ಹಾಕಿ ಸುಡುವುದು. ಸುಟ್ಟ ಚಿಪ್ಪಿಯನ್ನು ರಾಶಿ ಹಾಕಿ ಮೇಲಿಂದ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ, ಹೊಗೆಯಾಡಿ, ಒಡೆದು ಹಿಟ್ಟಾಗುತ್ತದೆ. ಅದಕ್ಕೆ ಸುಣ್ಣ ಅರಳಿಸುವುದು ಎನ್ನುತ್ತೇವೆ. ಅರಳಿಸುವ ಕೆಲಸ ಹೆಂಗಸರದ್ದು. ನಾನು ಹಿರಿಯವಳು, ನನ್ನ ಮೈದುನನ ಹೆಂಡತಿ ಕಿರಿಯವಳು. ಇಬ್ಬರೇ ಮಾಡುತ್ತಿದ್ದೆವು.

ಅವತ್ತು ಮಳೆ ಹಿಡಿಯುವುದಕ್ಕೆ ಸ್ವಲ್ಪವೇ ದಿನ ಇತ್ತು. ಕತಗಾಲದ ತೋಟದವರಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಸುಣ್ಣ ಬೇಕು. ಮೈಲುತುತ್ತದ ಜೊತೆ ಕಲಸಿ ಹೊಡೆಯುತ್ತಾರೆ. ಗಾಡಿ ಬರುತ್ತದೆಂದು ಅವಸರ. ಒಂದು ರಾಶಿ ಮಾತ್ರ ನೀರು ಹಾಕಿದರೂ ಅರಳದೆ ಸುಮ್ಮನೆ ಕುಳಿತಿತ್ತು. ಓರಗಿತ್ತಿ ಬಗ್ಗಿ ಕೋಲಿನಲ್ಲಿ ಕೆದಕಿದಳು. ರಾಶಿ ಒಳಗಿಂದ ಸಿಡಿಯಿತು. ಬಲಗಣ್ಣಿನ ತುಂಬ ಸುಣ್ಣ.

ಅವಳು ಕೂಗುತ್ತ ನೀರಿನ ಕೊಡಕ್ಕೆ ಕೈ ಹಾಕಿದಳು. ನಾನು ಕೊಡ ಕಿತ್ತುಕೊಂಡೆ.

ಸುಣ್ಣಕ್ಕೆ ನೀರು ಬಿದ್ದರೆ ಎಂತ ಆಗುತ್ತದೆ ಎಂದು ನಮಗಿಂತ ಹೆಚ್ಚು ಯಾರಿಗೆ ಗೊತ್ತು? ದಿನಾ ನೀರು ಹಾಕಿ ಕುದಿಸುವವರು ನಾವೇ. ಕಣ್ಣೊಳಗೆ ಕುದಿಸುವುದುಂಟೆ? ನನ್ನ ಅತ್ತೆ ಹೇಳಿಕೊಟ್ಟದ್ದೂ ಅದೇ, ಅವಳ ಅತ್ತೆ ಅವಳಿಗೆ ಹೇಳಿಕೊಟ್ಟದ್ದೂ ಅದೇ: ಕಣ್ಣಿಗೆ ಸುಣ್ಣ ಬಿದ್ದರೆ ನೀರು ಮುಟ್ಟಿಸಬೇಡ, ತೆಂಗಿನೆಣ್ಣೆ ಬಿಡು. ನಾನು ಅವಳನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲು ಒತ್ತಿ, ರೆಪ್ಪೆ ಬಿಡಿಸಿ ಎಣ್ಣೆ ಬಿಟ್ಟೆ. ಬಟ್ಟೆ ಕಟ್ಟಿದೆ. ಮರುದಿನ ಕುಮಟೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ತಡ ಮಾಡಿಬಿಟ್ಟಿರಿ ಎಂದರು. ಬಸ್ಸು ಸಿಗದೆ ತಡವಾದದ್ದಕ್ಕೆ ಬೈದರು ಎಂದು ನಾನು ತಿಳಿದೆ.

ಕಣ್ಣಿನಲ್ಲಿ ಹೂ ಬಿತ್ತು. ಕಪ್ಪು ಮುಚ್ಚಿ ಬಿಳಿ ಬಂತು. ಬಿಳಿಯ ಮೇಲೆ ಕೆಂಪು ನರ ಹಬ್ಬಿತು. ಬಿಸಿಲು ಕಂಡರೆ ಆ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಅವಳು ಮಾತಿನ ಹೆಂಗಸು. ಕಣ್ಣು ಹೋದ ಕತೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಮೀನು ತರುವವಳು ಒಮ್ಮೆ ಬುಟ್ಟಿ ಇಳಿಸುತ್ತ ಕೆಣಕಿದಳು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ್ರಲ್ಲೇ. ನಿಂದು ಬೆಣ್ಣೆ ಕಣ್ಣು ಯಾವ್ದು?"

"ಬೆಣ್ಣೆ ನಮ್ಮನೇಲಿ ಎಲ್ಲಿತ್ತೇ? ನಮ್ಮಕ್ಕ ಎಣ್ಣೆ ಬಿಟ್ಲು. ಕೊಡ ಕಿತ್ಕಂಡು ಎಣ್ಣೆ ಬಿಟ್ಲು. ಇಲ್ಲಾಂದ್ರೆ ಗುಡ್ಡೆನೇ ಕುದ್ದು ಹೋಗ್ತಿತ್ತು."

ಅಕ್ಕ ಎಂದರೆ ನಾನು. ಇಪ್ಪತ್ತು ವರ್ಷ ಅವಳು ನನ್ನನ್ನು ಹೀಗೆ ಹೊಗಳಿದಳು. ಇಡಗುಂಜಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾಳೆ. ನಾನು ಬೇಡ ಎನ್ನಲಿಲ್ಲ. ನನ್ನನ್ನು ಹೊಗಳುವವರು ಬೇರೆ ಯಾರೂ ಇರಲಿಲ್ಲ.

ಇಬ್ಬರ ಗಂಡಂದಿರೂ ಹೋದರು. ಭಟ್ಟಿ ದಾಯಾದಿಗಳ ಕೈಗೆ ಹೋಯಿತು. ನಾವು ಇಬ್ಬರೂ ಒಂದೇ ಒಲೆಯಲ್ಲಿ ಉಣ್ಣುತ್ತ ಉಳಿದೆವು.

ಹೊನ್ನಾವರದಲ್ಲಿ ಕಣ್ಣಿನ ಶಿಬಿರ ಇದೆ, ಸುಣ್ಣ ಬಿದ್ದ ಕಣ್ಣುಗಳನ್ನೇ ಹುಡುಕುತ್ತಿದ್ದಾರೆ ಎಂದು ಆಶಾ ಕಾರ್ಯಕರ್ತೆ ಬಂದು ಹೇಳಿದಳು. ಹೋದೆವು. ಓರಗಿತ್ತಿಯನ್ನು ಒಳಗೆ ಕರೆದು ಕಣ್ಣಿಗೆ ಔಷಧಿ ಹಾಕಿ ಕೂರಿಸಿದರು. ಹೊರಗೆ ಮೇಜಿನ ಹಿಂದೆ ಒಬ್ಬಳು ಕುಳಿತು ಬರೆದುಕೊಳ್ಳುತ್ತಿದ್ದಳು. ತಲೆಗೆ ಬಟ್ಟೆ ಸುತ್ತಿದ್ದಳು. ನಲವತ್ತು ದಾಟಿರಬೇಕು. ಭಟ್ಕಳದವಳಂತೆ, ದೂರದ ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಕಣ್ಣು ಕೊಯ್ಯುವ ಡಾಕ್ಟರಲ್ಲ. ಕಣ್ಣಿನ ಚೂರುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವವಳು, ನೋಡಿದ್ದನ್ನು ಬರೆದು ಅಚ್ಚು ಹಾಕಿಸುವವಳು. ನಾವು ಅವಳನ್ನು ಅಕ್ಕೋರು ಎಂದು ಕರೆದೆವು. ಬರೆಯುವ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು.

ನನ್ನ ಮುಂದೆ ಒಬ್ಬ ಗಾರೆ ಕೆಲಸದವನು ಇದ್ದ. ಅವನ ಕಣ್ಣಿಗೂ ಸುಣ್ಣ ಬಿದ್ದಿತ್ತು. ಅಕ್ಕೋರು ಅವನನ್ನು ಕೇಳಿದಳು, ಕೂಡಲೇ ನೀರು ಹಾಕಿದಿರಾ ಎಂದು. ನಲ್ಲಿ ಕೆಳಗೇ ತಲೆ ಇಟ್ಟೆ ಎಂದ. "ಅದ್ಕೇ ಅಷ್ಟಾದ್ರೂ ಉಳ್ದದೆ ನಿಮ್ದು" ಎಂದಳು.

ನನ್ನ ಸರದಿ ಬಂದಾಗ ಅವಳು ಕೇಳುವ ಮೊದಲು ನಾನೇ ಕೇಳಿದೆ.

"ಅಕ್ಕೋರೆ, ಸುಣ್ಣಕ್ಕೆ ನೀರು ಹಾಕಿದ್ರೆ ಕುದಿಯುದಿಲ್ವಾ?"

"ಒಂದು ಬೊಗಸೆ ಹಾಕಿದ್ರೆ ಕುದೀಬಹುದು ಅಮ್ಮ. ಕೊಡಗಟ್ಲೆ ಹಾಕ್ಬೇಕು, ನಿಲ್ಸದೆ ಹಾಕ್ಬೇಕು. ಬಿಸಿಯೂ ಹೋಗ್ತದೆ, ಸುಣ್ಣವೂ ತೊಳ್ದು ಹೋಗ್ತದೆ."

"ಎಣ್ಣೆ ಹಾಕಿದ್ರೆ?"

"ಎಣ್ಣೆಯಿಂದ ಸುಣ್ಣ ತೊಳ್ದು ಹೋಗುದಿಲ್ಲ. ಅಲ್ಲೇ ಕೂತು ಸುಡ್ತಾ ಇರ್ತದೆ, ಗಂಟೆಗಟ್ಲೆ." ಅವಳು ಪೆನ್ನು ಎತ್ತಿಕೊಂಡಳು. "ನಿಮ್ಮಲ್ಲಿ ಎಂತ ಹಾಕಿದ್ರಿ?"

"ನೀರು."

"ಕೂಡ್ಲೇ?"

"ಕೂಡ್ಲೇ. ಕೊಡ ಪೂರ್ತಿ."

ಅವಳು ಬರೆದುಕೊಂಡಳು. ಒಳಗಿಂದ ಓರಗಿತ್ತಿ ಯಾರಿಗೋ ತನ್ನ ಕತೆ ಹೇಳುವುದು ಕೇಳುತ್ತಿತ್ತು. ಬರೆಯುವ ಭರದಲ್ಲಿ ಅಕ್ಕೋರಿಗೆ ಕೇಳಿಸಲಿಲ್ಲ. ನಾನು ಎದ್ದು ಹೋಗಿ ನಡುವಿನ ಬಾಗಿಲು ಎಳೆದು ಬಂದೆ.

ಆಮೇಲೆ ಅವಳು ನಮ್ಮಿಬ್ಬರನ್ನೂ ಕೂರಿಸಿ ರೋಗ ಏನೆಂದು ಹೇಳಿದಳು. ಕಣ್ಣಿನ ಕಪ್ಪಿಗೂ ಬಿಳಿಗೂ ನಡುವೆ ಒಂದು ಅಂಚು ಇದೆ, ಗದ್ದೆಯ ಹಾಳಿಯ, ಎಂದರೆ ಬದುವಿನ, ಹಾಗೆ. ಆ ಅಂಚಿನಲ್ಲಿ ಬೀಜದಂಥ ಜೀವಕೋಶಗಳು ಇರುತ್ತವೆ. ಕಪ್ಪಿನ ಮೇಲಿನ ತೆಳು ಚರ್ಮ ದಿನವೂ ಸವೆಯುತ್ತದೆ, ಈ ಕೋಶಗಳು ದಿನವೂ ಹೊಸದು ಮಾಡಿ ಕೊಡುತ್ತವೆ. ಸುಣ್ಣ ಆ ಬೀಜಗಳನ್ನೇ ಸುಟ್ಟುಬಿಡುತ್ತದೆ. ಬೀಜ ಸತ್ತರೆ ಬಿಳಿ ಕಡೆಯ ಚರ್ಮ ಕಳೆಯ ಹಾಗೆ ಕಪ್ಪಿನ ಮೇಲೆ ಹಬ್ಬುತ್ತದೆ. ಎಡಗಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು, ತಟ್ಟೆಯಲ್ಲಿ ಅಗೆ ಹಾಕಿ, ಬೆಳೆದ ಮೇಲೆ ಬಲಗಣ್ಣಿಗೆ ನೆಟ್ಟಿ ಮಾಡುತ್ತಾರೆ. ಭತ್ತದ ಅಗೆ ಕಿತ್ತು ನೆಡುತ್ತೇವಲ್ಲ, ಹಾಗೆ.

ಓರಗಿತ್ತಿ ಒಪ್ಪಲಿಲ್ಲ. ಮನೆಗೆ ಬರುವ ದಾರಿಯಲ್ಲೆಲ್ಲ ಬೈದಳು.

"ಇದ್ದದ್ದೊಂದು ಕಣ್ಣು. ಅದ್ಕೂ ಕತ್ತರಿ ಹಾಕ್ತ್ರಂತೆ. ಹೋದ್ರೆ ನೀ ಕೈ ಹಿಡ್ದು ನಡ್ಸ್ತೀಯಾ?"

"ನಡ್ಸ್ತೆ."

"ನಿಂಗೇ ಮೊಣಕಾಲು ಮಡ್ಚೂಕೆ ಬತ್ತಿಲ್ಲ, ನನ್ನ ನಡ್ಸ್ತಾಳಂತೆ!"

ಆದರೂ ನಾನು ಬಿಡಲಿಲ್ಲ. ದಿನಾ ಹೇಳಿದೆ. ಬೇಸರ ಬಂದು ಒಪ್ಪಿದಳು. ನಾನು ಯಾಕೆ ಅಷ್ಟು ಹಟ ಹಿಡಿದೆ ಎಂದು ಅವಳು ಕೇಳಲಿಲ್ಲ. ಕಣ್ಣು ಬಂದರೆ ಎಣ್ಣೆಯ ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಅಕ್ಕೋರ ಆಸ್ಪತ್ರೆಗೆ ರೈಲಿನಲ್ಲಿ ಹೋದೆವು. ಮೊದಲ ಸಲ ಎಡಗಣ್ಣಿನ ಚೂರು ತೆಗೆದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಬಲಗಣ್ಣಿನ ಮೇಲೆ ಹಬ್ಬಿದ್ದ ಚರ್ಮವನ್ನು ಕೆತ್ತಿ ತೆಗೆದು ತಟ್ಟೆಯ ಅಗೆ ನೆಟ್ಟರು. ಕೆತ್ತಿ ತೆಗೆದ ಚರ್ಮವನ್ನು ಎಸೆಯಲಿಲ್ಲ. ಅಕ್ಕೋರು ಅದನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಂಡು ಹೋದಳು. ಅದರಲ್ಲಿ ಅಂಚಿನ ಬೀಜಗಳು ಒಂದಾದರೂ ಉಳಿದಿವೆಯಾ ಎಂದು ಹುಡುಕುವುದು ಅವಳ ಕೆಲಸ.

ಮತ್ತೆ ಕಣ್ಣು ತೋರಿಸಲು ಹೊನ್ನಾವರಕ್ಕೆ ತಿರುಗಾಟ. ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಬಾಕಿನ ಮೇಲೆ ಮಧ್ಯಾಹ್ನದವರೆಗೆ ಕೂರುವುದು, ಎರಡು ನಿಮಿಷ ಲೈಟು ಬಿಟ್ಟು ನೋಡುತ್ತಾರೆ, ಮತ್ತೆ ಬಸ್ಸು. ನನ್ನ ಕಾಲು ಊದುತ್ತಿತ್ತು. ಕಣ್ಣಿನ ನೀರು ನಿಂತಿತು, ಕೆಂಪು ಹೋಯಿತು. ಆದರೆ ಒಳಗಿನ ಕಲೆ ಹೋಗಲಿಲ್ಲ. ಬೆರಳು ಆಡಿಸಿದರೆ ಗೊತ್ತಾಗುತ್ತದೆ, ಎಷ್ಟು ಬೆರಳು ಎಂದು ಹೇಳಲು ಬರುವುದಿಲ್ಲ. ಕೆಂಪು ಸೀರೆ, ಹಸಿರು ಸೀರೆ ಗುರುತಿಸುತ್ತಾಳೆ. ಅಷ್ಟೇ. ಎಣ್ಣೆಯ ಮಾತು ಮುಗಿಯಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ಅಕ್ಕೋರು ನಮ್ಮ ಮನೆಗೇ ಬಂದಳು. ಭಟ್ಕಳಕ್ಕೆ ತಾಯಿಯನ್ನು ನೋಡಲು ಬಂದವಳು ಅಲ್ಲಿಂದ ಬಸ್ಸು ಹತ್ತಿ ಬಂದಿದ್ದಳು. ಜಗುಲಿಯಲ್ಲಿ ಕೂತಳು. ಓರಗಿತ್ತಿ ಚಹಾ ತಂದಳು. ಅಕ್ಕೋರು ಚೀಲದಿಂದ ಒಂದು ಹಾಳೆ ತೆಗೆದಳು. ತಾನು ಬರೆದದ್ದು ಅಚ್ಚಿಗೆ ಹೋಗುವುದರಲ್ಲಿದೆ, ಆದರೆ ಒಂದು ಕಣ್ಣು ಮಾತ್ರ ತನ್ನ ಮಾತು ಕೇಳುತ್ತಿಲ್ಲ ಎಂದಳು. ಕೂಡಲೇ ನೀರು ಹಾಕಿದ ಬೇರೆ ಕಣ್ಣುಗಳಲ್ಲೆಲ್ಲ ಅಂಚಿನ ಬೀಜ ಅಷ್ಟೋ ಇಷ್ಟೋ ಉಳಿದಿತ್ತು. ಈ ಒಂದರಲ್ಲಿ ಒಂದೂ ಇಲ್ಲ.

"ಇದು ನಿಮ್ದೇ ಕಣ್ಣು" ಎಂದಳು ಓರಗಿತ್ತಿಗೆ. "ಆರು ತಿಂಗ್ಳಿಂದ ನಾನು ಇದನ್ನೇ ನೋಡ್ತಾ ಇದ್ದೆ. ನನ್ನ ಪರೀಕ್ಷೆಯೇ ತಪ್ಪಾ ಅಂತ ಮತ್ತೆ ಮತ್ತೆ ಮಾಡ್ದೆ. ನೀರು ಹಾಕಿದ್ದು ಹೇಗೆ, ಎಷ್ಟು ಹೊತ್ತು, ಸ್ವಲ್ಪ ನೆನಪು ಮಾಡಿ ಹೇಳಿ."

ಓರಗಿತ್ತಿ ನಕ್ಕಳು. "ನೀರಾ? ಯಾರು ಹೇಳಿದ್ರು ನೀರು ಅಂತ? ಎಣ್ಣೆ! ನಾ ಕೊಡಕ್ಕೆ ಕೈ ಹಾಕಿದ್ದೆ, ನಮ್ಮಕ್ಕ ಕಿತ್ಕಂಡ್ಲು. ತೆಂಗಿನೆಣ್ಣೆ ಬಿಟ್ಲು. ಇಲ್ಲಾಂದ್ರೆ..."

ಅಕ್ಕೋರು ನನ್ನ ಕಡೆ ನೋಡಿದಳು. ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಹಾಳೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹೇಳದಿದ್ದರೆ ಅವಳೂ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಅವಳು ಹಾಗೇ ಎದ್ದು ಹೋಗಬಹುದಿತ್ತು, ಓರಗಿತ್ತಿ ಸಾಯುವವರೆಗೂ ನನ್ನನ್ನು ಹೊಗಳುತ್ತ ಇರಬಹುದಿತ್ತು. ನನಗೆ ಸಾಕಾಗಿತ್ತು. ಶಿಬಿರದ ದಿನದಿಂದ ಓರಗಿತ್ತಿಯ ಹೊಗಳಿಕೆ ಕೇಳಿ ಕೇಳಿ ಊಟ ಸೇರುತ್ತಿರಲಿಲ್ಲ.

"ನೀರು ಅಂತ ಹೇಳಿದ್ದು ನಾನು" ಎಂದೆ. "ಸುಳ್ಳು ಹೇಳ್ದೆ. ಎಣ್ಣೆ ಹಾಕೂದು ತಪ್ಪು ಅಂತ ಅವತ್ತು ಹೊನ್ನಾವರದಲ್ಲಿ ಇವ್ರೇ ಹೇಳಿದ್ರು. ನೀರು ಹಾಕ್ಬೇಕಾಗಿತ್ತಂತೆ. ನಾ ಕೊಡ ಕಿತ್ಕಳ್ದೆ ಇದ್ರೆ ಕಣ್ಣು ಅಷ್ಟು ಹಾಳಾಗ್ತಿರ್ಲಿಲ್ಲ."

ಓರಗಿತ್ತಿ ನನ್ನನ್ನು ನೋಡಲಿಲ್ಲ. ಅಕ್ಕೋರನ್ನೇ ಕೇಳಿದಳು.

"ಹೌದಾ?"

"ಹೌದು ಅಮ್ಮ."

"ನೀರು ಹಾಕಿದ್ರೆ ಕಾಣ್ತಿತ್ತಾ?"

"ಪೂರ್ತಿ ಕಾಣ್ತಿತ್ತು ಅಂತ ಹೇಳೂಕೆ ಬರುದಿಲ್ಲ. ಈಗಿನ್ಕಿಂತ ಹೆಚ್ಚು ಉಳೀತಿತ್ತು."

ಚಹಾ ಯಾರೂ ಕುಡಿಯಲಿಲ್ಲ. ಅಕ್ಕೋರು ಕೊನೆಗೆ ಹೇಳಿದಳು, ಬರೆದದ್ದನ್ನು ತಿದ್ದಬೇಕು, ಅದಕ್ಕೆ ಕಣ್ಣಿನವಳ ಒಪ್ಪಿಗೆ ಬೇಕು ಎಂದು. ಓರಗಿತ್ತಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಅವಳ ಸಹಿ ಬಹಳ ನಿಧಾನ, ಒಂದೊಂದೇ ಅಕ್ಷರ. ಮುಗಿಸಿ ನನಗೆ ಹೇಳಿದಳು.

"ಇಪ್ಪತ್ತು ವರ್ಷ ಊರಿಗೆಲ್ಲ ಸುಳ್ಳು ಹೇಳ್ಸಿದೆಯಲ್ಲೇ ನನ್ ಬಾಯಲ್ಲಿ."

"ನಂಗೂ ಗೊತ್ತಿರ್ಲಿಲ್ಲ."

"ಶಿಬಿರದಿಂದ ಈಚೆಗೆ ಗೊತ್ತಿತ್ತಲ್ಲ. ಕತ್ತರಿ ಹಾಕ್ಸ್ಕಂಡು ಬಂದೆ ನಾನು. ಆಗಾದ್ರೂ ಹೇಳ್ಬಹುದಿತ್ತು."

ಎಣ್ಣೆ ಬಿಟ್ಟದ್ದು ತಿಳಿಯದೆ. ಸುಳ್ಳು ಹೇಳಿದ್ದು ತಿಳಿದೇ.

ಓರಗಿತ್ತಿ ಮರುದಿನ ಭಟ್ಕಳದ ಬಸ್ಸು ಹತ್ತಿದಳು. ಹೆಬಳೆಯಲ್ಲಿ ಅವಳ ಮಗಳ ಮನೆ ಇದೆ. ಮಗಳ ಬಾಣಂತನಕ್ಕೂ ಎಂಟು ದಿನದ ಮೇಲೆ ಇರದವಳು ಎರಡು ತಿಂಗಳು ಅಲ್ಲಿದ್ದಳು. ಒಬ್ಬಳಿಗೇ ಅಡುಗೆ ಮಾಡುವುದು ಬೇಸರದ ಕೆಲಸ. ಒಂದು ಹಿಡಿ ಅಕ್ಕಿ ಹಾಕಿದರೂ ಹೆಚ್ಚಾಗುತ್ತದೆ. ನಾನು ಕರೆಯಲು ಹೋಗಲಿಲ್ಲ. ಹೋಗಿ ಎಂತ ಹೇಳುವುದು?

ಹೇಳದೆಯೇ ಬಂದಳು. ಚೀಲ ಕೆಳಗಿಟ್ಟು, "ಅಲ್ಲಿ ಸಾರಿಗೆ ಬೆಲ್ಲ ಹಾಕ್ತ್ರು, ಬಾಯಿಗೆ ಹೋಗುದಿಲ್ಲ" ಎಂದಳು. ಮತ್ತೆ ಒಂದೇ ಒಲೆ. ಆದರೆ ಮಾತು ಇಲ್ಲ. ನನ್ನ ಹತ್ತಿರ ಮಾತ್ರವಲ್ಲ, ಕಣ್ಣಿನ ಕತೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಮೀನಿನವಳು ಕೇಳಿದರೆ "ಸುಣ್ಣ ಬಿತ್ತು, ಹೋತು" ಎಂದು ಬುಟ್ಟಿಗೆ ಕೈ ಹಾಕುತ್ತಿದ್ದಳು. ಎಣ್ಣೆಯೂ ಇಲ್ಲ, ಅಕ್ಕನೂ ಇಲ್ಲ. ಬೈಗುಳ ಕೇಳಲು ನಾನು ತಯಾರಾಗಿದ್ದೆ. ಇದಕ್ಕೆ ತಯಾರಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದಳು. ಅಚ್ಚಾದದ್ದನ್ನು ತಂದಿದ್ದಳು. ಪುಸ್ತಕವಲ್ಲ, ಏಳೆಂಟು ಹಾಳೆ, ಇಂಗ್ಲಿಷು. ನಡುವೆ ಬಣ್ಣದ ಚಿತ್ರಗಳು, ನೇರಳೆ ಚುಕ್ಕೆಗಳು. ಅವು ಕಣ್ಣಿನ ಕೋಶಗಳಂತೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಸಾಲು ಸಾಲಾಗಿ ಮನೆ ಮಾಡಿದ್ದರು, ಸಾಲಿಗೆ ಒಂದು ಕಣ್ಣು.

"ನಂದು ಯಾವ್ದು?" ಎಂದಳು ಓರಗಿತ್ತಿ.

ಅಕ್ಕೋರು ಬೆರಳಿಟ್ಟು ತೋರಿಸಿದಳು. ಓರಗಿತ್ತಿ ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದುಕೊಂಡಳು. "ಇಲ್ಲಿ ಎಂತ ಬರ್ದದೆ?"

"ಎಣ್ಣೆ ಅಂತ. ಇದು, ನೀರು ಹಾಕುವವರೆಗೆ ಒಂದು ದಿನ ಕಳೀತು ಅಂತ. ಇದು, ಕೋಶ ಒಂದೂ ಸಿಗ್ಲಿಲ್ಲ ಅಂತ."

"ಹಾಕಿದ್ದು ಯಾರು ಅಂತ ಇಲ್ವಾ?"

"ಇಲ್ಲ ಅಮ್ಮ. ಹೆಸ್ರು ಯಾರ್ದೂ ಹಾಕುದಿಲ್ಲ. ನಿಮ್ದೂ ಇಲ್ಲ."

"ಹಾಕ್ಬೇಕಿತ್ತು." ಓರಗಿತ್ತಿ ಹಾಳೆ ಕೆಳಗಿಟ್ಟಳು. "ಇದ್ನ ಓದೂದು ಯಾರು? ಡಾಕ್ಟ್ರುಗಳಾ? ಅವ್ರಿಗೆ ಮೊದ್ಲೇ ಗೊತ್ತುಂಟಲ್ಲ ನೀರು ಅಂತ. ಭಟ್ಟಿಲಿರೋರು ಇಂಗ್ಲಿಷ್ ಓದ್ತ್ರಾ?"

ಅಕ್ಕೋರಿಗೆ ಸಿಟ್ಟು ಬರಲಿಲ್ಲ. ತಾನೂ ಅದನ್ನೇ ಯೋಚನೆ ಮಾಡುತ್ತಿದ್ದೇನೆ ಎಂದಳು. ಸುಮ್ಮನೆ ಹೇಳಿದ ಮಾತಲ್ಲ ಅದು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳಿಗೂ ದಣಿವಾಗಿತ್ತು. ಅಷ್ಟು ವರ್ಷ ತಟ್ಟೆ ನೋಡಿ ನೋಡಿ ಅವಳ ಕಣ್ಣಿಗೇ ದಪ್ಪ ಕನ್ನಡಕ ಬಂದಿತ್ತು.

ಅವಳು ಹೋದ ಮೇಲೆ ಓರಗಿತ್ತಿ ಸೆರಗು ಸಿಕ್ಕಿಸಿಕೊಂಡಳು. "ನಡಿ" ಎಂದಳು ನನಗೆ. ತಿಂಗಳುಗಳ ಮೇಲೆ ತಾನಾಗಿ ಆಡಿದ ಮಾತು.

"ಎಲ್ಲಿಗೆ?"

"ಭಟ್ಟಿಗೆ. ನಾ ಒಬ್ಳೇ ಹೇಳಿದ್ರೆ ನಂಬ್ತ್ರಾ? ಮಾಡಿದವ್ಳು ಬೇಕಲ್ಲ."

ಭಟ್ಟಿಯಲ್ಲಿ ದಾಯಾದಿಗಳ ಸೊಸೆ ಇನ್ನಿಬ್ಬರು ಹೆಂಗಸರ ಜೊತೆ ಸುಣ್ಣ ಅರಳಿಸುತ್ತಿದ್ದಳು. ಗೋಡೆಯ ಗೂಡಿನಲ್ಲಿ ಎಣ್ಣೆ ಸೀಸೆ ಇತ್ತು. ನಮ್ಮ ಕಾಲದಲ್ಲಿ ಇಡುತ್ತಿದ್ದ ಜಾಗದಲ್ಲೇ. ಓರಗಿತ್ತಿ ನಿಂತುಕೊಂಡು ಕತೆ ಹೇಳಿದಳು. ರಾಶಿ ಸಿಡಿದದ್ದು, ಕೊಡ ಕಿತ್ತುಕೊಂಡದ್ದು, ಎದೆಯ ಮೇಲೆ ಮೊಣಕಾಲು. ಒಂದು ಮಾತೂ ಬಿಡಲಿಲ್ಲ. "ಇವ್ಳೇ, ಇಲ್ಲೇ ನಿಂತಾಳಲ್ಲ, ಇವ್ಳೇ ಮಾಡಿದ್ದು" ಎಂದು ನನ್ನ ರಟ್ಟೆ ಹಿಡಿದು ಮುಂದೆ ನೂಕಿದಳು. ಆ ಹೆಂಗಸರು ನನ್ನ ಮುಖ ನೋಡಿದರು.

"ಹೌದು" ಎಂದೆ. "ನಾನೇ."

ಸೊಸೆ ಒಪ್ಪಲಿಲ್ಲ. "ಸುಣ್ಣಕ್ಕೆ ನೀರು ಹಾಕಿದ್ರೆ ಕುದಿತದಲ್ಲ ಅಜ್ಜಿ. ಇಲ್ಲೇ ಕಾಣ್ತಾ ಇದೆ, ನೋಡಿ."

"ಬೊಗ್ಸೆ ಹಾಕಿದ್ರೆ ಕುದಿತದೆ. ಹಂಡೆಗಟ್ಲೆ ಹಾಕು. ಕುದಿಯೂಕೆ ಬಿಡ್ಬೇಡ" ಎಂದಳು ಓರಗಿತ್ತಿ.

ತಲೆ ಆಡಿಸಿದರು. ನಂಬಿದರೋ, ಮುದುಕಿಯರು ಹೋದರೆ ಸಾಕು ಎಂದು ಆಡಿಸಿದರೋ ಗೊತ್ತಿಲ್ಲ. ಒಂದು ಹಂಡೆ ನೀರು ತುಂಬಿಸಿ ಪಕ್ಕದಲ್ಲಿ ಇಡಿಸಿದೆವು. ಹೊರಡುವಾಗ ನಾನು ಗೂಡಿನಿಂದ ಎಣ್ಣೆ ಸೀಸೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡೆ. ಒಳ್ಳೆಯ ಎಣ್ಣೆ, ಒಗ್ಗರಣೆಗೆ ಆಯಿತು.

ಮುಂದಿನ ವಾರ ನೋಡಿದರೆ ಗೂಡಿನಲ್ಲಿ ಇನ್ನೊಂದು ಸೀಸೆ ಇತ್ತು. ಅದನ್ನೂ ತಂದೆ.